ಕೂಸಿನ ಲೆಕ್ಕದಲ್ಲಿ ‘ನಮ್ಮವರು’ ಯಾರು? ಮುಖ, ಮಾತು, ಎಂಜಲು

ಬಾಣಂತನ ಮುಗಿಸಿ ಆರೇಳು ತಿಂಗಳ ಕೂಸನ್ನು ಹಿರಿಯೂರಿನ ತವರಿನಿಂದ ದಾವಣಗೆರೆಗೆ ಕರೆತಂದ ಮನೆಗಳಲ್ಲಿ ಒಂದು ನೋಟ ಮಾಮೂಲು. ಕೂಸು ಸೋದರತ್ತೆಯ ತೋಳಿಗೆ ಸಲೀಸಾಗಿ ಹೋಗುತ್ತದೆ, ಪಕ್ಕದ ಮನೆ ಅಜ್ಜಿ ಎತ್ತಿಕೊಂಡರೂ ಸುಮ್ಮನಿರುತ್ತದೆ. ಮೀಸೆಯ ದೊಡ್ಡಪ್ಪ ಕೈ ಚಾಚಿದ ಕೂಡಲೇ ತುಟಿ ಅದುರಿ ಅಳು ಶುರು. ‘ಗಂಡಸ್ರು ಅಂದ್ರೆ ಆಗಲ್ಲ ಇದಕ್ಕೆ’ ಎಂದು ಎಲ್ಲರೂ ನಗುತ್ತಾರೆ. ಇನ್ನೊಂದು ಮನೆಯಲ್ಲಿ ಕಪ್ಪು ಮೈಬಣ್ಣದ ನೆಂಟರ ಕೈಯಲ್ಲಿ ಅತ್ತರೆ ‘ಬಣ್ಣ ನೋಡಿ ಹೆದರ್ತು’ ಅನ್ನುತ್ತಾರೆ. ಮೊದಲ ಮಾತಿನಲ್ಲಿ ಒಂದಿಷ್ಟು ಹುರುಳಿದೆ. ಎರಡನೆಯದು ದೊಡ್ಡವರ ತಲೆಯೊಳಗಿದ್ದದ್ದನ್ನು ಕೂಸಿನ ತಲೆಗೆ ಕಟ್ಟುವ ಮಾತು.

ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತೇವೆ. ಒಂದು ಮುಖಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವುದು ಒಂದು. ಪರಿಚಿತವಾದದ್ದರ ಕಡೆಗೆ ಹೆಚ್ಚು ಹೊತ್ತು ನೋಡುವುದು ಎರಡನೆಯದು. ‘ಇವರು ನಮ್ಮವರು, ಅವರು ಬೇರೆಯವರು’ ಎಂದು ವಿಂಗಡಿಸಿ ಅದರಂತೆ ನಡೆಯುವುದು ಮೂರನೆಯದು. ಇವುಗಳಲ್ಲಿ ಮೊದಲಿನ ಎರಡು ಸಂಗತಿಗಳು ಮೂರು ತಿಂಗಳೊಳಗೇ ಇರುತ್ತವೆ. ಮೂರನೆಯದೂ ಬೇಗನೇ ಚಿಗುರುತ್ತದೆ. ಆದರೆ ಅದು ಹಿಡಿದುಕೊಳ್ಳುವುದು ಬಣ್ಣವನ್ನಲ್ಲ.

‘ಜನಾಂಗ’ ಎಂಬ ಪದದ ತೊಡಕನ್ನೂ ಇಲ್ಲೇ ಬಿಡಿಸಿಕೊಳ್ಳಬೇಕು. ನಮ್ಮ ಕಡೆ ‘ಅವರದು ಯಾವ ಜನಾಂಗ?’ ಎಂದರೆ ಕೇಳುತ್ತಿರುವುದು ಜಾತಿಯನ್ನು. ಶಿಶು ಸಂಶೋಧಕರು ಹೇಳುವ ಜನಾಂಗ ಅದಲ್ಲ. ಆಫ್ರಿಕಾ, ಪೂರ್ವ ಏಷ್ಯಾ, ಯುರೋಪ್ ಮೂಲದವರ ಮುಖಲಕ್ಷಣ ಮತ್ತು ಮೈಬಣ್ಣದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಅಷ್ಟೇ. ಜಾತಿಗೆ ಮುಖವಿಲ್ಲ, ಹಾಗಾಗಿ ಅದು ಕೂಸಿಗೆ ಕಾಣುವುದಿಲ್ಲ. ಯಾರ ತಟ್ಟೆಯಲ್ಲಿ ಯಾರು ಉಣ್ಣುತ್ತಾರೆ, ಯಾರು ಯಾರಿಗೆ ದಾರಿ ಬಿಡುತ್ತಾರೆ ಎಂಬುದು ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೆ ಮುಂದೆ ಬರೋಣ.

ಮಾತು ಬಾರದವರನ್ನು ಕೇಳುವುದು ಹೇಗೆ?

ಕೂಸಿನ ಹತ್ತಿರ ಇರುವ ಉತ್ತರ ಒಂದೇ, ನೋಟ. ಎಷ್ಟು ಹೊತ್ತು ನೋಡಿತು, ಯಾವ ಕಡೆ ಮೊದಲು ನೋಡಿತು, ಯಾವಾಗ ಕಣ್ಣು ಹೊರಳಿಸಿತು. ಅಮೆರಿಕದ ರಾಬರ್ಟ್ ಫ್ಯಾಂಟ್ಸ್ 1960ರ ಆಸುಪಾಸಿನಲ್ಲಿ ಈ ದಾರಿ ತೆರೆದ ಮೇಲೆ ಶಿಶುಗಳ ಅಧ್ಯಯನದ ಬಹುಪಾಲು ಇದರ ಮೇಲೆಯೇ ನಿಂತಿದೆ.

ಕೋಣೆ ಮಬ್ಬು. ತಾಯಿ ಕುರ್ಚಿಯಲ್ಲಿ, ಕೂಸು ಮಡಿಲಲ್ಲಿ, ಸುಮಾರು 60 ಸೆಂ.ಮೀ. ದೂರದಲ್ಲಿ ಪರದೆ. ಪರದೆಯ ಹತ್ತಿರದ ಕ್ಯಾಮೆರಾ ಕೂಸಿನ ಕಣ್ಣನ್ನು ದಾಖಲಿಸುತ್ತಿರುತ್ತದೆ. ಮೊದಲು ಒಂದೇ ಮುಖವನ್ನು ಮತ್ತೆ ಮತ್ತೆ ತೋರಿಸುತ್ತಾರೆ. ಮೊದಮೊದಲು ಕೂಸು ನೆಟ್ಟ ನೋಟದಿಂದ ನೋಡುತ್ತದೆ, ಆಮೇಲೆ ಬೇಸರ ಬರುತ್ತದೆ. ಕೊನೆಯ ಮೂರು ಸಲ ನೋಡಿದ ಹೊತ್ತು ಮೊದಲ ಮೂರು ಸಲದ ಅರ್ಧಕ್ಕೆ ಇಳಿದರೆ ಕೂಸಿಗೆ ಆ ಮುಖ ‘ಹಳತಾಯಿತು’ ಎಂದು ಲೆಕ್ಕ. ಬಳಿಕ ಹಳೆಯ ಮುಖದ ಪಕ್ಕದಲ್ಲೇ ಹೊಸ ಮುಖವನ್ನು ಇಡುತ್ತಾರೆ. ಕೂಸು ಹೊಸದನ್ನು ಹೆಚ್ಚು ನೋಡಿದರೆ ಎರಡರ ವ್ಯತ್ಯಾಸ ಅದಕ್ಕೆ ಗೊತ್ತಾಗಿದೆ. ಎರಡನ್ನೂ ಸಮನಾಗಿ ನೋಡಿದರೆ ವ್ಯತ್ಯಾಸ ಹಿಡಿದದ್ದಕ್ಕೆ ಪುರಾವೆ ಇಲ್ಲ.

ಕೇಳಲು ಸುಲಭ, ಕೆಡಲು ದಾರಿ ನೂರು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಮುಖ ಇಟ್ಟರೆ ಬರೀ ಹೊಳಪಿಗೇ ಕಣ್ಣು ಹೋಗುತ್ತದೆ. ಹಾಗಾಗಿ ಫೋಟೊಗಳ ಹೊಳಪು, ಹಿನ್ನೆಲೆ, ಗಾತ್ರ ಸರಿಹೊಂದಿಸಬೇಕು. ಕೆಲವು ಕೂಸುಗಳು ಸುಮ್ಮನೆ ಬಲಕ್ಕೇ ನೋಡುತ್ತವೆ. ಅದಕ್ಕೆ ಎಡ–ಬಲ ಅದಲುಬದಲು ಮಾಡಬೇಕು. ತಾಯಿ ಪರದೆ ನೋಡಿದರೆ ಅವಳ ಮೈ ಅರಿಯದೆಯೇ ಒಂದು ಕಡೆ ವಾಲಬಹುದು, ಆದ್ದರಿಂದ ಅವಳು ಕಣ್ಣು ಮುಚ್ಚಿರಬೇಕು. ವಿಡಿಯೊ ನೋಡಿ ಸೆಕೆಂಡು ಎಣಿಸುವವರಿಗೆ ಯಾವ ಕಡೆ ಯಾವ ಮುಖವಿತ್ತು ಎಂಬುದು ತಿಳಿದಿರಬಾರದು. ಇಷ್ಟೆಲ್ಲ ಸರಿಯಿದ್ದರೂ ಕೂಸು ಹಸಿದಿದ್ದರೆ, ನಿದ್ದೆಗಣ್ಣಿನಲ್ಲಿದ್ದರೆ ಆ ದಿನದ ದಾಖಲೆ ಕಸದ ಬುಟ್ಟಿಗೆ. ಇವೆಲ್ಲಕ್ಕಿಂತ ದೊಡ್ಡ ತಪ್ಪು ಓದುವವರ ಕಡೆಯಿಂದ ಆಗುತ್ತದೆ: ‘ಹೆಚ್ಚು ಹೊತ್ತು ನೋಡಿತು’ ಎಂಬುದನ್ನು ‘ಇಷ್ಟಪಟ್ಟಿತು’ ಎಂದು ಓದಿಕೊಳ್ಳುವುದು. ಹೊಸದೆಂದು ನೋಡಬಹುದು, ಪರಿಚಿತವೆಂದು ನೋಡಬಹುದು, ಅಂದುಕೊಂಡಂತೆ ನಡೆಯಲಿಲ್ಲವೆಂದು ಬೆರಗಾಗಿಯೂ ನೋಡಬಹುದು. ಯಾವುದೆಂದು ಹೇಳುವುದು ಪ್ರಯೋಗದ ಕಟ್ಟು, ನೋಟದ ಉದ್ದವಲ್ಲ.

ಮುಖ ಕಲಿಯುವ ಒಂಬತ್ತು ತಿಂಗಳು

ಹುಟ್ಟಿದ ಕೂಸಿನ ಕಣ್ಣು 20ರಿಂದ 30 ಸೆಂ.ಮೀ. ದೂರದ್ದನ್ನು ಒಂದಿಷ್ಟು ಸ್ಪಷ್ಟವಾಗಿ ಹಿಡಿಯುತ್ತದೆ. ಎದೆಗೆ ಹಾಕಿಕೊಂಡಾಗ ತಾಯಿಯ ಮುಖ ಇರುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಆ ಹೊತ್ತಿಗೆ ಅದು ನೋಡುವುದು ಕಣ್ಣು ಮೂಗಿನ ವಿವರಕ್ಕಿಂತ ಅಂಚನ್ನು, ಅಂದರೆ ಹಣೆ ಮತ್ತು ಕೂದಲು ಸೇರುವ ಗೆರೆಯನ್ನು. ಫ್ರಾನ್ಸಿನ ಒಲಿವಿಯೆ ಪಾಸ್ಕಾಲಿ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದ್ದು: ನಾಲ್ಕು ದಿನದ ಕೂಸು ತಾಯಿಯ ಮುಖವನ್ನು ಅಪರಿಚಿತ ಹೆಂಗಸಿನ ಮುಖಕ್ಕಿಂತ ಹೆಚ್ಚು ನೋಡುತ್ತದೆ, ಇಬ್ಬರೂ ಕೂದಲಿನ ಗೆರೆ ಮುಚ್ಚುವಂತೆ ಬಟ್ಟೆ ಕಟ್ಟಿಕೊಂಡರೆ ಆ ಒಲವು ಕಾಣುವುದಿಲ್ಲ. ನಮ್ಮ ಬಾಣಂತಿಯರು ಶೀತವಾದೀತೆಂದು ಕಿವಿ, ತಲೆ ಸುತ್ತ ಬಟ್ಟೆ ಕಟ್ಟಿಕೊಂಡೇ ಇರುತ್ತಾರಲ್ಲ! ಗಾಬರಿ ಬೇಡ. ದನಿ, ವಾಸನೆ ಎರಡೂ ಇವೆ. ತಾಯಿಯ ದನಿಯನ್ನಂತೂ ಕೂಸು ಹೊಟ್ಟೆಯಲ್ಲಿದ್ದಾಗಿನಿಂದಲೇ ಕೇಳಿಕೊಂಡು ಬಂದಿರುತ್ತದೆ.

ಜನಾಂಗದ ಮಾತಿಗೆ ಬಂದರೆ, ಇಂಗ್ಲೆಂಡಿನಲ್ಲಿ ಡೇವಿಡ್ ಕೆಲ್ಲಿ ತಂಡ 2005ರಲ್ಲಿ ನವಜಾತ ಶಿಶುಗಳಿಗೆ ಬೇರೆ ಬೇರೆ ಜನಾಂಗದ ಮುಖಗಳನ್ನು ಜೋಡಿಯಾಗಿ ತೋರಿಸಿತು. ಯಾವ ಕಡೆಗೂ ಒಲವಿಲ್ಲ. ಮೂರು ತಿಂಗಳ ಬಿಳಿಯ ಕೂಸುಗಳು ಬಿಳಿಯ ಮುಖಗಳನ್ನು ಹೆಚ್ಚು ನೋಡಿದವು. ಅಂದರೆ ಅದು ಹುಟ್ಟಿನಿಂದ ಬಂದದ್ದಲ್ಲ, ತೊಂಬತ್ತು ದಿನದಲ್ಲಿ ಕಲಿತದ್ದು. ಕಲಿಸಿದ್ದು ಏನು ಎಂಬುದನ್ನು 2006ರಲ್ಲಿ ಯಾಯಿರ್ ಬಾರ್-ಹೈಮ್ ಮತ್ತು ಸಂಗಡಿಗರ ಕೆಲಸ ತೋರಿಸಿತು. ಇಸ್ರೇಲಿನ ಬಿಳಿಯ ಕೂಸುಗಳು ಬಿಳಿಯ ಮುಖವನ್ನೂ, ಇಥಿಯೋಪಿಯಾದಲ್ಲೇ ಬೆಳೆಯುತ್ತಿದ್ದ ಕೂಸುಗಳು ಕಪ್ಪು ಮುಖವನ್ನೂ ಹೆಚ್ಚು ನೋಡಿದವು. ಇಥಿಯೋಪಿಯಾದಿಂದ ಇಸ್ರೇಲಿಗೆ ವಲಸೆ ಬಂದು ನೆಲೆ ಕೇಂದ್ರಗಳಲ್ಲಿ ಎರಡೂ ಬಣ್ಣದವರ ಕೈಯಲ್ಲಿ ಬೆಳೆಯುತ್ತಿದ್ದ ಕಪ್ಪು ಕೂಸುಗಳು ಎರಡನ್ನೂ ಸಮನಾಗಿ ನೋಡಿದವು. ರಕ್ತವಲ್ಲ, ತಮ್ಮ ಬಣ್ಣವೂ ಅಲ್ಲ; ತೊಟ್ಟಿಲ ಮೇಲೆ ದಿನಾ ಬಗ್ಗಿದ ಮುಖಗಳು ಯಾವುವು ಎಂಬುದೇ ಲೆಕ್ಕ.

ಮೀಸೆ ದೊಡ್ಡಪ್ಪನ ಕತೆಗೂ ಇಲ್ಲೇ ಅರ್ಧ ಉತ್ತರವಿದೆ. ಪಾಲ್ ಕ್ವಿನ್ ತಂಡ 2002ರಲ್ಲಿ ಕಂಡಂತೆ ಮೂರು–ನಾಲ್ಕು ತಿಂಗಳ ಕೂಸುಗಳು ಹೆಂಗಸರ ಮುಖವನ್ನು ಹೆಚ್ಚು ನೋಡುತ್ತವೆ. ಅಪ್ಪನೇ ಮುಖ್ಯವಾಗಿ ಸಾಕುತ್ತಿದ್ದ ಕೆಲವೇ ಕೂಸುಗಳಲ್ಲಿ ಇದು ತಿರುಗಾಮುರುಗಾ ಆಗಿತ್ತು. ತವರಿನಲ್ಲಿ ಅಜ್ಜಿ, ಚಿಕ್ಕಮ್ಮ, ಎಣ್ಣೆ ಹಚ್ಚಿ ನೀರು ಹಾಕುವ ಹೆಂಗಸು ಇವರ ನಡುವೆಯೇ ತಿಂಗಳುಗಟ್ಟಲೆ ಬೆಳೆದ ಕೂಸಿಗೆ ಮೀಸೆಯೇ ಹೊಸ ಲೋಕ. ಉಳಿದರ್ಧ ಉತ್ತರ ವಯಸ್ಸಿನದು. ಆರೆಂಟು ತಿಂಗಳ ಹೊತ್ತಿಗೆ ಅಪರಿಚಿತರ ಅಂಜಿಕೆ ತಾನಾಗಿಯೇ ಬರುತ್ತದೆ, ಬಣ್ಣ ಯಾವುದಿದ್ದರೂ. ಕಪ್ಪು ನೆಂಟರ ಕೈಯಲ್ಲಿ ಅತ್ತ ಕೂಸು ಬೆಳ್ಳಗಿನ ಅಪರಿಚಿತರ ಕೈಯಲ್ಲೂ ಅಳುತ್ತದೆ. ಆಗ ಯಾರೂ ಬಣ್ಣದ ಮಾತೆತ್ತುವುದಿಲ್ಲ, ‘ನಿದ್ದೆ ಬಂದಿರ್ಬೇಕು’ ಅನ್ನುತ್ತಾರೆ.

ಮೂರು ತಿಂಗಳ ಬಳಿಕ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯುತ್ತದೆ. ಕೆಲ್ಲಿ ತಂಡದ 2007ರ ಪ್ರಯೋಗದಲ್ಲಿ ಮೂರು ತಿಂಗಳ ಬಿಳಿಯ ಕೂಸುಗಳು ಆಫ್ರಿಕಾ, ಮಧ್ಯಪ್ರಾಚ್ಯ, ಚೀನಾ, ಯುರೋಪ್ ನಾಲ್ಕೂ ಗುಂಪುಗಳಲ್ಲಿ ಒಬ್ಬರನ್ನೊಬ್ಬರಿಂದ ಬೇರೆಮಾಡಿ ಗುರುತಿಸಿದವು. ಆರು ತಿಂಗಳಿನವು ಚೀನೀ ಮತ್ತು ಯುರೋಪ್ ಮುಖಗಳಲ್ಲಿ ಮಾತ್ರ. ಒಂಬತ್ತು ತಿಂಗಳಿನವು ಯುರೋಪ್ ಮುಖಗಳಲ್ಲಿ ಮಾತ್ರ. ಚೀನಾದ ಕೂಸುಗಳಲ್ಲಿ ಇದೇ ಕಿರಿದಾಗುವಿಕೆ ಚೀನೀ ಮುಖಗಳ ಕಡೆಗೆ ಕಂಡಿತು. ಕೂಸು ಬೆಳೆದಂತೆ ಎಲ್ಲ ಸಾಮರ್ಥ್ಯವೂ ಹಿಗ್ಗುತ್ತದೆ ಎಂದುಕೊಂಡವರಿಗೆ ಇದು ವಿಚಿತ್ರ, ಆದರೆ ಮಾತಿನ ದನಿಗಳಲ್ಲೂ ಹೀಗೇ ಆಗುತ್ತದೆ. ನಮ್ಮ ‘ಲ’ ಮತ್ತು ‘ಳ’ ಬೇರೆ ಬೇರೆ ಎಂದು ಕೇಳಿಸಿಕೊಳ್ಳಲು ಹೊರಗಿನವರು ಪಡುವ ಪಾಡು ನೆನಪಿಸಿಕೊಳ್ಳಿ. ದಿನಬಳಕೆಗೆ ಬೇಕಾದ ವ್ಯತ್ಯಾಸಕ್ಕೆ ಮೆದುಳು ಚುರುಕಾಗುತ್ತದೆ, ಬೇಡದ್ದನ್ನು ಸಡಿಲ ಬಿಡುತ್ತದೆ. ದಾವಣಗೆರೆಯ ಕಾಲೇಜುಗಳಿಗೆ ಬರುವ ಈಶಾನ್ಯ ರಾಜ್ಯಗಳ ಹುಡುಗರನ್ನು ‘ಎಲ್ರೂ ಒಂದೇ ಥರ ಕಾಣ್ತಾರೆ’ ಎನ್ನುವ ಅಂಗಡಿಯವರ ಕಣ್ಣಿಗೆ ಆಗಿರುವುದೂ ಇದೇ. ಆ ಹುಡುಗರಿಗೂ ಮೊದಲ ವಾರ ನಾವೆಲ್ಲ ಒಂದೇ ಥರ ಕಂಡಿರುತ್ತೇವೆ.

ಈ ಕಿಟಕಿ ಒಂಬತ್ತು ತಿಂಗಳಿಗೆ ಬೀಗ ಹಾಕಿಕೊಳ್ಳುವುದೂ ಇಲ್ಲ. ಮೂರರಿಂದ ಒಂಬತ್ತು ವರ್ಷದೊಳಗೆ ಫ್ರಾನ್ಸಿನ ಮನೆಗಳಿಗೆ ದತ್ತು ಹೋದ ಕೊರಿಯಾದ ಮಕ್ಕಳನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದಾಗ ಅವರು ಕೊರಿಯಾದ ಬಗೆಯ ಮುಖಗಳಿಗಿಂತ ಯುರೋಪಿನ ಮುಖಗಳನ್ನೇ ಚೆನ್ನಾಗಿ ಗುರುತಿಸಿದರು (2005).

ಬಣ್ಣಕ್ಕಿಂತ ಮೊದಲು ಮಾತು

ಗುರುತಿಸಲು ಬಾರದಿರುವುದು ಸರಿ, ಅದರಿಂದ ಕೂಸು ಆ ಜನರನ್ನು ದೂರವಿಡುತ್ತದೆಯೆ? ಕ್ಯಾಥರಿನ್ ಕಿಂಜ್ಲರ್ ಮತ್ತು ಎಲಿಜಬೆತ್ ಸ್ಪೆಲ್ಕಿ ಇದನ್ನು ನೋಟದಿಂದ ಅಳೆಯದೆ ಕೈಯಿಂದ ಅಳೆದರು. ಪರದೆಯ ಮೇಲೆ ಇಬ್ಬರು ಒಂದೇ ಥರದ ಆಟಿಕೆಯನ್ನು ಮುಂದೆ ಚಾಚುತ್ತಾರೆ. ಅದೇ ಕ್ಷಣಕ್ಕೆ ಪರದೆಯ ಕೆಳಗಿನ ಮೇಜಿನ ಮೇಲೆ ನಿಜವಾದ ಎರಡು ಆಟಿಕೆಗಳು ಬಂದು ನಿಲ್ಲುತ್ತವೆ. ಕೂಸು ಯಾವುದಕ್ಕೆ ಕೈ ಹಾಕುತ್ತದೆ? ಒಬ್ಬರು ಬಿಳಿಯರು, ಒಬ್ಬರು ಕಪ್ಪಿನವರಾಗಿದ್ದಾಗ ಹತ್ತು ತಿಂಗಳ ಬಿಳಿಯ ಕೂಸುಗಳು ಇಬ್ಬರಿಂದಲೂ ಸಮನಾಗಿ ತೆಗೆದುಕೊಂಡವು. ಎರಡೂವರೆ ವರ್ಷದವರೂ ಆಟಿಕೆ ಕೊಡುವಾಗ ಭೇದ ಮಾಡಲಿಲ್ಲ. ಐದು ವರ್ಷದವರು ಮಾಡಿದರು (2011).

ಇದೇ ಕಟ್ಟಿನಲ್ಲಿ 2007ರಲ್ಲಿ ಬಣ್ಣದ ಬದಲು ಭಾಷೆಯನ್ನಿಟ್ಟಿದ್ದರು. ಒಬ್ಬಳು ಇಂಗ್ಲಿಷ್, ಒಬ್ಬಳು ಫ್ರೆಂಚ್ ಮಾತಾಡಿದ ಮೇಲೆ ಇಬ್ಬರೂ ಸುಮ್ಮನಾಗಿ ಆಟಿಕೆ ಚಾಚುತ್ತಾರೆ. ಅಮೆರಿಕದ ಹತ್ತು ತಿಂಗಳ ಕೂಸುಗಳು ಇಂಗ್ಲಿಷಿನವಳ ಆಟಿಕೆಯನ್ನೂ, ಪ್ಯಾರಿಸಿನ ಕೂಸುಗಳು ಅದೇ ಚಿತ್ರ ನೋಡಿ ಫ್ರೆಂಚಿನವಳ ಆಟಿಕೆಯನ್ನೂ ಹೆಚ್ಚಾಗಿ ಆರಿಸಿಕೊಂಡವು. ಐದಾರು ತಿಂಗಳಿಗೇ ನೋಟದಲ್ಲಿ ಈ ಒಲವು ಕಾಣುತ್ತದೆ. ಐದು ವರ್ಷದವರಲ್ಲಿ ಭಾಷೆ ಮತ್ತು ಬಣ್ಣವನ್ನು ಎದುರುಬದುರು ನಿಲ್ಲಿಸಿದಾಗ, ಬಿಳಿಯ ಮಕ್ಕಳು ಪರದೇಶದ ಉಚ್ಚಾರಣೆಯ ಬಿಳಿಯ ಮಗುವನ್ನು ಬಿಟ್ಟು ತಮ್ಮ ಉಚ್ಚಾರಣೆಯ ಕಪ್ಪು ಮಗುವನ್ನು ಗೆಳೆಯನಾಗಿ ಆರಿಸಿಕೊಂಡರು (2009). ‘ನಮ್ಮವರು’ ಎಂಬುದಕ್ಕೆ ಕೂಸು ಹುಡುಕುವ ಮೊದಲ ಗುರುತು ಚರ್ಮವಲ್ಲ, ಮಾತಿನ ಧಾಟಿ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಇದಕ್ಕೊಂದು ತಿರುವು ಸಿಗುತ್ತದೆ. ಅಲ್ಲಿನ ಎಷ್ಟೋ ಕೂಸುಗಳು ಮನೆಯೊಳಗೆ ತೆಲುಗು, ಜಗಲಿಗೆ ಬಂದರೆ ಕನ್ನಡ ಕೇಳುತ್ತವೆ. ತಾಂಡಾಗಳಲ್ಲಿ ಲಂಬಾಣಿ–ಕನ್ನಡ, ದಾವಣಗೆರೆಯ ಹಲವು ಗಲ್ಲಿಗಳಲ್ಲಿ ಉರ್ದು–ಕನ್ನಡ. ಜೋಯಿ ಲಿಬರ್‌ಮನ್ ತಂಡ 2016ರಲ್ಲಿ ಅಮೆರಿಕದಲ್ಲಿ ನೋಡಿದ್ದು: ಒಂದೇ ಭಾಷೆ ಕೇಳಿ ಬೆಳೆದ ಕೂಸುಗಳು, ಒಂದೇ ಭಾಷೆಯ ಇಬ್ಬರಿಗೆ ಒಂದೇ ತಿನಿಸು ಹಿಡಿಸುತ್ತದೆ ಎಂದು ಎದುರುನೋಡುತ್ತವೆ, ಭಾಷೆ ಬೇರೆಯಾದರೆ ಆ ನಿರೀಕ್ಷೆ ಇಲ್ಲ. ಎರಡು ಭಾಷೆ ಕೇಳಿ ಬೆಳೆದವು, ಭಾಷೆ ಬೇರೆಯಾದರೂ ತಿನಿಸಿನ ರುಚಿ ಒಂದೇ ಇರುತ್ತದೆ ಎಂದುಕೊಳ್ಳುತ್ತವೆ. ಒಬ್ಬರು ‘ಥೂ’ ಎಂದು ಮುಖ ಸಿಂಡರಿಸಿದ ತಿನಿಸನ್ನು ಮಾತ್ರ ಕೂಸುಗಳು ಯಾರೂ ತಿನ್ನರು ಎಂದೇ ಎಣಿಸುತ್ತವೆ. ಕೆಟ್ಟದ್ದಕ್ಕೆ ಭಾಷೆಯ ಗಡಿಯಿಲ್ಲ. ಮಂಡಕ್ಕಿಯಂಥದ್ದನ್ನು ಎಲ್ಲ ಭಾಷೆಯವರೂ ಮುಕ್ಕುವ ಊರಿನಲ್ಲಿ ಈ ಪ್ರಯೋಗ ಮಾಡಿದರೆ ಸೊಗಸಾಗಿರುತ್ತದೆ.

ಎಂಜಲಿನ ವ್ಯಾಕರಣ

ಈ ಕ್ಷೇತ್ರದಲ್ಲಿ ಈಚೆಗೆ ಬಂದ ಕೆಲಸಗಳಲ್ಲಿ ಕನ್ನಡಿಗರಿಗೆ ತಟ್ಟನೆ ಅರ್ಥವಾಗುವಂಥದ್ದು 2022ರ ಆಶ್ಲಿ ಥಾಮಸ್ ಮತ್ತು ಸಂಗಡಿಗರದು. ಇಂಗ್ಲಿಷಿನಲ್ಲಿ ಅವರು ಅದನ್ನು ಸುತ್ತಿಬಳಸಿ ಜೊಲ್ಲು ಹಂಚಿಕೊಳ್ಳುವುದು ಎಂದು ಕರೆಯಬೇಕಾಯಿತು. ನಮ್ಮಲ್ಲಿ ಅದಕ್ಕೆ ಒಂದೇ ಪದ, ಎಂಜಲು.

ನಡುವೆ ಒಂದು ಕೈಗೊಂಬೆ, ಎರಡು ಬದಿಗೆ ಇಬ್ಬರು ಹೆಂಗಸರು. ಒಬ್ಬಳು ಕಿತ್ತಳೆ ತೊಳೆಯನ್ನು ಗೊಂಬೆಗೆ ಕಚ್ಚಲು ಕೊಟ್ಟು ಅದೇ ತೊಳೆಯನ್ನು ತಾನೂ ಕಚ್ಚುತ್ತಾಳೆ. ಇನ್ನೊಬ್ಬಳು ಗೊಂಬೆಯ ಜೊತೆ ಚೆಂಡಾಡುತ್ತಾಳೆ. ಇಬ್ಬರದೂ ನಗುಮುಖವೇ, ಸ್ನೇಹವೇ. ಬಳಿಕ ಗೊಂಬೆ ಸಂಕಟದಿಂದ ಅಳುತ್ತದೆ. ಎಂಟೂವರೆಯಿಂದ ಹತ್ತು ತಿಂಗಳ ಕೂಸುಗಳೂ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳೂ ಮೊದಲು ತಿರುಗಿ ನೋಡಿದ್ದು, ಹೆಚ್ಚು ಹೊತ್ತು ನೋಡಿದ್ದು ಎಂಜಲು ಹಂಚಿಕೊಂಡವಳ ಕಡೆ: ಇವಳು ಏಳಬೇಕಲ್ಲ, ಇವಳು ಹೋಗಬೇಕಲ್ಲ! ಬೇರೊಂದು ಹೊಸ ಗೊಂಬೆ ಅತ್ತಾಗ ಈ ನಿರೀಕ್ಷೆ ಇರಲಿಲ್ಲ. ಅಂದರೆ ‘ಎಂಜಲು ತಿಂದವಳು ಒಳ್ಳೆಯವಳು’ ಎಂಬ ತೀರ್ಪಲ್ಲ ಅದು, ‘ಇವಳಿಗೂ ಈ ಗೊಂಬೆಗೂ ನಂಟಿದೆ’ ಎಂಬ ಊಹೆ. ಇನ್ನೊಂದು ಸುತ್ತಿನಲ್ಲಿ ತಿನಿಸನ್ನೇ ತೆಗೆದುಹಾಕಿದರು. ತನ್ನ ಬಾಯಿಗೆ ಬೆರಳಿಟ್ಟು ಗೊಂಬೆಯ ಬಾಯಿಗಿಟ್ಟ ಆಟಕ್ಕೂ, ತನ್ನ ಹಣೆ ಮುಟ್ಟಿ ಗೊಂಬೆಯ ಹಣೆ ಮುಟ್ಟಿದ ಆಟಕ್ಕೂ ಕೂಸುಗಳು ವ್ಯತ್ಯಾಸ ಮಾಡಿದವು. ಹಾಗಾಗಿ ಕೂಸು ಹಿಡಿದದ್ದು ಹಂಚಿ ತಿನ್ನುವುದನ್ನಲ್ಲ, ಬಾಯಿಂದ ಬಾಯಿಗೆ ಹೋಗುವುದನ್ನು.

ಬೆಣ್ಣೆ ದೋಸೆ ಅಂಗಡಿಯ ಒಂದು ಮೇಜನ್ನು ಕೂಸಿನ ಕಣ್ಣಿಂದ ನೋಡಿ. ಅವ್ವ ದೋಸೆಯ ಮೆತ್ತನೆ ತುಣುಕನ್ನು ತನ್ನ ಬಾಯಲ್ಲಿ ಸ್ವಲ್ಪ ಕಚ್ಚಿ ಬಿಸಿ ನೋಡಿ ಮಗುವಿನ ಬಾಯಿಗಿಡುತ್ತಾಳೆ. (ಹಲ್ಲುಹುಳುಕಿನ ರೋಗಾಣು ಹೀಗೇ ದಾಟುತ್ತದೆಂದು ದಂತವೈದ್ಯರು ಬೇಡ ಅನ್ನುತ್ತಾರೆ, ಅದು ಬೇರೆ ಮಾತು.) ಮಗು ಉಗುಳಿದ್ದನ್ನು ಅಜ್ಜಿ ಅಂಗೈಯಲ್ಲಿ ಹಿಡಿಯುತ್ತಾಳೆ, ಮಿಕ್ಕದ್ದನ್ನು ಅಪ್ಪ ತಿಂದು ಮುಗಿಸುತ್ತಾನೆ. ಎದುರು ಕೂತ ಅಪ್ಪನ ಗೆಳೆಯ ಮಗುವನ್ನು ಎಷ್ಟೇ ಮುದ್ದಿಸಿದರೂ ಅದರ ತಟ್ಟೆಗೆ ಕೈ ಹಾಕುವುದಿಲ್ಲ. ನೀರು ಕುಡಿಯುವಾಗ ಲೋಟ ಎತ್ತಿ ಗಂಟಲಿಗೆ ಸುರಿದುಕೊಳ್ಳುತ್ತಾನೆ. ಯಾರೂ ಪಾಠ ಹೇಳಲಿಲ್ಲ, ಮೇಜಿನ ಮೇಲೆ ನಂಟಿನ ನಕ್ಷೆಯೇ ಬಿಡಿಸಿಟ್ಟಂತಾಯಿತು. ನಮ್ಮ ಶಾಲೆ ಮಕ್ಕಳು ಪೇರಲ ಹಣ್ಣನ್ನು ಅಂಗಿಯ ತುದಿಯಲ್ಲಿ ಸುತ್ತಿ ಕಚ್ಚಿ ‘ಕಾಗೆ ಎಂಜಲು’ ಮಾಡಿ ಗೆಳೆಯನಿಗೆ ಕೊಡುತ್ತಾರಲ್ಲ, ಅದೂ ಇದೇ ವ್ಯಾಕರಣದ ಸಂಧಿ ಪ್ರಕರಣ: ಮನೆಯವನಲ್ಲದವನನ್ನು ಅಷ್ಟು ಹತ್ತಿರ ತಂದುಕೊಳ್ಳಲು ಒಂದು ಬಟ್ಟೆಯ ನೆಪ.

ಇದೇ ಕಣ್ಣು ಇನ್ನೊಂದನ್ನೂ ನೋಡುತ್ತಿರುತ್ತದೆ ಎಂಬುದು ಅಷ್ಟು ಸೊಗಸಿನ ಸಂಗತಿಯಲ್ಲ. ಕೆಲಸಕ್ಕೆ ಬರುವವರಿಗೆ ಬೇರೆ ಲೋಟ ಇಟ್ಟಿರುವ ಮನೆಯಲ್ಲಿ, ಯಾರ ಬಾಯಿಗೂ ಯಾರ ಬಾಯಿಗೂ ನಡುವೆ ಗೋಡೆಯಿದೆ ಎಂಬುದು ಕೂಸಿನ ಕಣ್ಣಳತೆಯಲ್ಲೇ ದಿನಾ ನಡೆಯುತ್ತದೆ. ಜಾತಿಯ ಹೆಸರು ಕಲಿಯುವುದಕ್ಕೆ ಇನ್ನೂ ವರ್ಷಗಳಿವೆ. ಅದರ ಆಕಾರ ಮಾತ್ರ ಆಗಲೇ ಕಣ್ಣಿಗೆ ಬೀಳುತ್ತಿರುತ್ತದೆ.

ಮೇಲು–ಕೀಳಿನ ಲೆಕ್ಕವೂ ತಡವಿಲ್ಲ. ಲೊಟ್ಟೆ ಥಾಮ್ಸೆನ್ ತಂಡ 2011ರಲ್ಲಿ ಕಣ್ಣು ಬಾಯಿ ಬರೆದ ಒಂದು ದೊಡ್ಡ, ಒಂದು ಚಿಕ್ಕ ಚೌಕವನ್ನು ಎದುರುಬದುರು ಓಡಿಸಿ ನಡುದಾರಿಯಲ್ಲಿ ಢಿಕ್ಕಿ ಹೊಡೆಸಿತು. ಚಿಕ್ಕದಕ್ಕೆ ದೊಡ್ಡದು ಬಾಗಿ ದಾರಿ ಬಿಟ್ಟರೆ 10–13 ತಿಂಗಳ ಕೂಸುಗಳು ಬೆರಗಾಗಿ ಹೆಚ್ಚು ಹೊತ್ತು ನೋಡಿದವು. ಎಂಟು ತಿಂಗಳಿನವಕ್ಕೆ ಎರಡೂ ಒಂದೇ ಆಗಿತ್ತು. 21 ತಿಂಗಳಿನವು ಗೌರವದ ನಾಯಕನಿಗೂ ಹೊಡೆಯುವ ಪುಂಡನಿಗೂ ವ್ಯತ್ಯಾಸ ಮಾಡುತ್ತವೆ: ನಾಯಕ ಎದ್ದು ಹೋದ ಮೇಲೂ ಅವನ ಮಾತು ನಡೆಯುತ್ತದೆ ಎಂದು ಎಣಿಸುತ್ತವೆ, ಪುಂಡನದು ನಡೆಯುತ್ತದೆ ಎಂದಲ್ಲ.

ಎಲ್ಲವನ್ನೂ ಹೀಗೆ ಗಟ್ಟಿಯಾಗಿ ಹೇಳುವಂತಿಲ್ಲ. 2007ರಲ್ಲಿ ಗುಡ್ಡ ಹತ್ತುವವನಿಗೆ ಅಡ್ಡಿ ಮಾಡಿದ ಗೊಂಬೆಯನ್ನು ಬಿಟ್ಟು ನೆರವಾದ ಗೊಂಬೆಯನ್ನು ಹತ್ತು ತಿಂಗಳ 16ರಲ್ಲಿ 14, ಆರು ತಿಂಗಳ 12ಕ್ಕೆ 12 ಕೂಸುಗಳು ಆರಿಸಿಕೊಂಡವೆಂಬ ಪ್ರಯೋಗ ಜಗತ್ತೆಲ್ಲ ಸುದ್ದಿಯಾಯಿತು. 37 ಪ್ರಯೋಗಾಲಯಗಳು ಸೇರಿ ಅದನ್ನು ಮತ್ತೆ ಮಾಡಿದಾಗ ನೆರವಾದವನನ್ನು ಆರಿಸಿದ್ದು ಹೆಚ್ಚುಕಡಿಮೆ ಅರ್ಧದಷ್ಟು ಕೂಸುಗಳು, ಅಂದರೆ ನಾಣ್ಯ ಚಿಮ್ಮಿದಂತೆ. ಚಿಕ್ಕ ಗುಂಪಿನ ಪ್ರಯೋಗಗಳಿಗೆ ಈ ಅಪಾಯ ಯಾವಾಗಲೂ ಇದೆ. ಮುಖಗಳ ಕಿರಿದಾಗುವಿಕೆ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡದ್ದರಿಂದ ಅದರ ಬುನಾದಿ ಗಟ್ಟಿ. ಎಂಜಲಿನದು ಇನ್ನೂ ಹೊಸತು.

ಮನೆಯಲ್ಲಿ ಮಾಡಬಹುದಾದದ್ದು

ಮುಖಗಳ ಕಿಟಕಿ ತೆರೆದಿಡಲು ಬೇಕಾದದ್ದು ತುಂಬಾ ಕಡಿಮೆ. ಆರರಿಂದ ಒಂಬತ್ತು ತಿಂಗಳ ನಡುವೆ ಚಿತ್ರಪುಸ್ತಕದಲ್ಲಿ ಚೀನೀ ಮುಖಗಳನ್ನು ಒಟ್ಟಾರೆ ಒಂದು ತಾಸಿನಷ್ಟು ನೋಡಿದ ಬಿಳಿಯ ಕೂಸುಗಳು ಒಂಬತ್ತು ತಿಂಗಳಿಗೂ ಆ ಮುಖಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಿದ್ದವು (2011). ಗುಟ್ಟು ಹೆಸರಿನಲ್ಲಿದೆ. ಲೀಸಾ ಸ್ಕಾಟ್ ಮತ್ತು ಅಲೆಕ್ಸಾಂಡ್ರಾ ಮೊನೆಸನ್ 2009ರಲ್ಲಿ ಮಂಗಗಳ ಮುಖದ ಪುಸ್ತಕ ಕೊಟ್ಟು ನೋಡಿದರು: ಒಂದೊಂದು ಮಂಗಕ್ಕೂ ಒಂದೊಂದು ಹೆಸರು ಹೇಳಿ ತೋರಿಸಿದ ಕೂಸುಗಳಲ್ಲಿ ಮಾತ್ರ ಗುರುತಿಸುವ ಶಕ್ತಿ ಉಳಿಯಿತು. ಎಲ್ಲಕ್ಕೂ ‘ಮಂಗ’ ಎಂದೇ ಹೇಳಿದವರಲ್ಲಿ, ಹೆಸರಿಲ್ಲದೆ ತೋರಿಸಿದವರಲ್ಲಿ ಉಳಿಯಲಿಲ್ಲ.

ಹಾಗಾಗಿ ಆರೆಂಟು ಫೋಟೊ ಸಾಕು, ಅಂಗೈ ಗಾತ್ರಕ್ಕಿಂತ ದೊಡ್ಡವು, ನೇರ ಮುಖ, ಒಂದು ಪುಟಕ್ಕೆ ಒಬ್ಬರೇ. ಕಪ್ಪು, ಎಣ್ಣೆಗೆಂಪು, ಬಿಳಿ, ಗಂಡಸರು, ಹೆಂಗಸರು, ಮೀಸೆ, ಗಡ್ಡ, ಬುರ್ಖಾದೊಳಗಿನ ಮುಖ, ಪೇಟ. ಹಳೆಯ ಕ್ಯಾಲೆಂಡರಿನ ರಟ್ಟಿಗೆ ಅಂಟಿಸಿ ಮೇಲೆ ಪಾರದರ್ಶಕ ಟೇಪು ಹಚ್ಚಿ, ಜೊಲ್ಲು ತಡೆಯಲಿ. ಕೂಸು ಎಚ್ಚರವಾಗಿ ಹೊಟ್ಟೆ ತುಂಬಿರುವ ಹೊತ್ತಿನಲ್ಲಿ ಎರಡು ನಿಮಿಷ, ಮುಖ ತಿರುಗಿಸಿದರೆ ಅಲ್ಲಿಗೆ ಬಿಡಿ. ‘ಇವರು ಆಫ್ರಿಕಾದವರು’ ಅನ್ನಬೇಡಿ. ‘ಇವಳು ಆಮಿನಾ, ಇವನು ಜೋಸೆಫ್’ ಅನ್ನಿ. ಪುಟ ಬದಲಾದರೂ ಹೆಸರು ಬದಲಾಗಬಾರದು.

ಭಾಷೆಗೆ ಮಾತ್ರ ಫೋನು ಕೊಟ್ಟು ಕೂರಿಸಿದರೆ ಕೆಲಸ ಆಗದು. ಪೆಟ್ರಿಸಿಯಾ ಕೂಲ್ ತಂಡ 2003ರಲ್ಲಿ ಅಮೆರಿಕದ ಒಂಬತ್ತು ತಿಂಗಳ ಕೂಸುಗಳ ಜೊತೆ ಚೀನಾದ ಮ್ಯಾಂಡರಿನ್ ಭಾಷೆ ಮಾತಾಡುವವರನ್ನು 25 ನಿಮಿಷದಂತೆ 12 ಸಲ ಆಟವಾಡಿಸಿದಾಗ ಅವು ಆ ಭಾಷೆಯ ದನಿಗಳನ್ನು ಹಿಡಿದವು. ಅಷ್ಟೇ ಹೊತ್ತು ವಿಡಿಯೊ ನೋಡಿದವು ಏನೂ ಹಿಡಿಯಲಿಲ್ಲ. ತಾಂಡಾದಿಂದ ಬರುವ ಸೊಪ್ಪಿನಾಕೆ ಹೊಸ್ತಿಲಲ್ಲಿ ಬುಟ್ಟಿ ಇಳಿಸಿ ತನ್ನ ಭಾಷೆಯಲ್ಲೇ ಕೂಸಿನ ಜೊತೆ ಎರಡು ಮಾತಾಡಿದರೆ, ‘ಕನ್ನಡದಲ್ಲೇ ಮಾತಾಡ್ಸವ್ವ, ಅದಕ್ಕೆ ತಿಳಿಯಲ್ಲ’ ಎಂದು ಅವಳ ಬಾಯಿ ಮುಚ್ಚಿಸಬೇಡಿ.